ಪಂಜ್ ನದಿ ದಾಟಿದ ಮಂಚ

ಗಂಡ ರಜಬನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಓಯ್ಷಾ ಎಂದಿನಂತೆ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟಳು. ಡೇರೆಯ ಹೊರಗೆ ಅವನನ್ನು ಹೊತ್ತು ತಂದ, ಹೆಣ ಹೊರುವ ಜನಾಜಾ ಮಂಚ ಇನ್ನೂ ಇತ್ತು. ಅದರ ಮೇಲೊಂದು ಕೋಳಿ ಕೂತಿತ್ತು.

ಪಂಜ್ ನದಿಯ ಆಚೆ ದಡ ಅವರದೇ ತಜಿಕ್ ನೆಲ. ಅಂತರ್ಯುದ್ಧದಲ್ಲಿ ತಮ್ಮ ಕಡೆಯವರು ಸೋತ ಮೇಲೆ ಈ ಅಫ್ಘಾನ್ ದಡಕ್ಕೆ ಓಡಿಬಂದು ಒಂದು ಚಳಿಗಾಲ ಕಳೆದಿತ್ತು. ಗಂಡಸರು ನಾಲ್ಕೈದು ಜನ ಸೇರಿ ನದಿ ದಾಟುತ್ತಿದ್ದರು, ಅಲ್ಲಿನ ಗಡಿ ಠಾಣೆಯ ಮೇಲೆ ಗುಂಡು ಹಾರಿಸಿ ಮರಳುತ್ತಿದ್ದರು. ಹಾಗೆ ಹೋದ ರಜಬ್ ಹುಟ್ಟೂರಿನ ಪಕ್ಕದಲ್ಲೇ ಗುಂಡು ತಗುಲಿ ಬಿದ್ದ. "ನಡೆಯಕ್ಕಾಗಲ್ಲ. ನಮ್ಮೂರ ಮಸೀದಿ ಮಂಚ ತನ್ನಿ, ಆಮೇಲೆ ವಾಪಸ್ ಕೊಟ್ರಾಯ್ತು" ಎಂದು ಅವನೇ ಹೇಳಿದ್ದನಂತೆ. ನದಿ ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

"ಖಾಲಿ ಮಂಚ ಅಂಗಳದಲ್ಲಿದ್ರೆ ಇನ್ನೊಬ್ಬರನ್ನ ಕೇಳುತ್ತೆ," ಎಂದಳು ಅತ್ತೆ, ಮೈದುನ ಜುಮಾನನ್ನೇ ನೋಡುತ್ತ. ಅವಳಿಗೆ ಉಳಿದಿದ್ದು ಅವನೊಬ್ಬನೇ.

ದುಶಾನ್ಬೆಯಲ್ಲಿ ರಸಾಯನಶಾಸ್ತ್ರ ಓದಿ, ಊರಲ್ಲಿ ಪಾಠ ಹೇಳುತ್ತಿದ್ದ ಓಯ್ಷಾಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಸುಳ್ಳು ಅನ್ನಲೂ ಬಾಯಿ ಬರಲಿಲ್ಲ.

"ನಾನು ಕೊಟ್ಟು ಬರ್ತೀನಿ," ಎಂದಳು.

"ಹೆಂಗಸರು ಮಂಚ ಹೊರ್ತಾರಾ ಅತ್ತಿಗೆ? ಊರು ನಗಲ್ವಾ?"

"ಊರೇ ಇಲ್ವಲ್ಲೋ ಜುಮಾ."

ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಿಂದ ದೂಳುಗಾಳಿ ಎದ್ದಿತು. ಆಕಾಶ, ಜೊಂಡು, ನದಿ ಎಲ್ಲ ಒಂದೇ ಕಂದು ಬಣ್ಣವಾಗಿ, ಆಚೆ ದಡದ ಕಾವಲು ಗೋಪುರ ಕಾಣದಾಯಿತು. ದೋಣಿ ಇಲ್ಲದ ಕಡೆ ಜನರನ್ನು ದಾಟಿಸುವ ನಜ್ಮಿ ಕಾಕಾ ಆಡಿನ ಚರ್ಮದ ಚೀಲಗಳನ್ನು ಊದಿ ಮಂಚದ ಅಡಿಗೆ ಬಿಗಿದ.

"ಈಜು ಬರುತ್ತೇನಮ್ಮಾ?"

"ಇಲ್ಲ ಕಾಕಾ."

"ಹಂಗಾದ್ರೆ ಮಲಕ್ಕೋ."

ರಜಬ್ ಮಲಗಿದ್ದ ಕಡೆಯೇ ಅವಳು ಮಲಗಿದಳು. ಕಾಕಾ, ಜುಮಾ ಅಕ್ಕಪಕ್ಕ ಹಿಡಿದು ಈಜತೊಡಗಿದರು. ನೀರು ಹಿಮದಂತೆ ಕೊರೆಯುತ್ತಿತ್ತು.

ನಡುನೀರಿನಲ್ಲಿ ದೂಳು ಸರಿಯಿತು. ಗೋಪುರ ತಲೆಯ ಮೇಲೇ ಇತ್ತು.

"ಯಾರೋ ಅದು?"

"ಹೆಣ!" ಕಾಕಾ ಕೂಗಿದ. "ಹೆಣ ತರ್ತಿದೀವಪ್ಪಾ!"

ಓಯ್ಷಾ ಕಣ್ಣು ಮುಚ್ಚಿದಳು.

"ಯಾವ ಕಡೆಯವರ ಹೆಣ?"

"ಯಾವ್ದು ಹೇಳ್ಲೋ?" ಎಂದು ಕಾಕಾ ಜುಮಾನನ್ನು ಪಿಸುಗುಟ್ಟಿ ಕೇಳಿದ.

"ನಂಗೇನು ಗೊತ್ತು! ಊರಿಂದು ಅನ್ನು."

"ಊರಿಂದು!"

ಮೇಲೆ ಇಬ್ಬರು ಏನೋ ವಾದಿಸಿದರು. ಒಬ್ಬ ನಕ್ಕ. ಗುಂಡೊಂದು ಹಾರಿತು. ಚೀಲವೊಂದು ಬುಸ್ಸೆಂದಿತು. ಮಂಚ ವಾಲಿತು. ಓಯ್ಷಾ ಜಾರಿದಳು. ಜುಮಾ ಅವಳ ತೋಳು ಹಿಡಿದು ಎಳೆದ. ಮತ್ತೆ ದೂಳು ಮುಚ್ಚಿಕೊಂಡಿತು. ಗುಂಡು ಹೊಡೆದವನು ಹೆಣವೆಂದು ನಂಬಿದ್ದನೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ.

ಆಚೆ ದಡ ಸೇರಿದ ಮೇಲೆ ಕಾಕಾ ಜೊಂಡಿನಲ್ಲಿ ಚೀಲಗಳ ಜೊತೆ ಉಳಿದ. ಇಬ್ಬರೂ ಮಂಚ ಹೊತ್ತು ಹತ್ತಿಹೊಲದ ಅಂಚಿನಲ್ಲಿ ನಡೆದರು. ಹಿಂದಿನ ತುದಿ ಓಯ್ಷಾಳ ಹೆಗಲ ಮೇಲಿತ್ತು.

ಮಸೀದಿ ನೋಡಿಕೊಳ್ಳುವ ಈಸೊ ಅಜ್ಜ ಒಬ್ಬನೇ ಅಂಗಳ ಗುಡಿಸುತ್ತಿದ್ದ. ಅವಳ ಗುರುತು ಹಿಡಿದ.

"ಓ, ಟೀಚರಮ್ಮ. ಇದರಲ್ಲಿ ಯಾರನ್ನ ಹೊತ್ರಿ?"

"ರಜಬನ್ನ."

ಅಜ್ಜ ಪೊರಕೆಯನ್ನು ಗೋಡೆಗೆ ಒರಗಿಸಿದ. "ಮಂಚ ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ನಿನ್ನ ಕ್ಲಾಸಿನ ಬಾಗಿಲು ಕಿತ್ತು ಅದರ ಮೇಲೆ ನುಸ್ರತ್‌ನ ಹೊತ್ವಿ."

ನುಸ್ರತ್ ಅವನ ಮೊಮ್ಮಗ. ಹೋದ ವರ್ಷ ಅವಳ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ.

"ಎಲ್ಲಿ ಬಿದ್ದಿದ್ದ?" ಜುಮಾ ಕೇಳಿದ.

"ಮೊನ್ನೆ ರಾತ್ರಿ, ಕಾಲುವೆ ಹತ್ರ. ಯಾರ ಗುಂಡೋ."

ಜುಮಾ ಕೂತುಬಿಟ್ಟ. ರಜಬ್ ಬಿದ್ದ ಆ ರಾತ್ರಿ ಕಾಲುವೆಯ ಕಡೆ ಅವನೂ ಹಾರಿಸಿದ್ದ, ರಜಬನೂ ಹಾರಿಸಿದ್ದ, ಠಾಣೆಯವರೂ ಹಾರಿಸಿದ್ದರು.

"ಆ ಕಡೆ ಹಿಡಿಯಮ್ಮಾ," ಎಂದ ಅಜ್ಜ.

ಇಬ್ಬರೂ ಸೇರಿ ಮಂಚವನ್ನೆತ್ತಿ ಗೋಡೆಯ ಗೂಟಗಳ ಮೇಲಿಟ್ಟರು. ನೀರು ತೊಟ್ಟಿಕ್ಕುತ್ತಿತ್ತು.

"ಮುಂದಿನ ಸಲ ಕೇಳಿ ತಗೊಂಡ್ಹೋಗಿ," ಎಂದ ಅಜ್ಜ. "ಕೊಡಲ್ಲ ಅಂತ ಯಾವತ್ತಾದ್ರೂ ಅಂದಿದೀನಾ?"