ಅರ್ಧ ಗಂಟೆ ಮುಂಚೆ

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದರ್ಜಿಯ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದಿದ್ದ. ದಫೇದಾರ ಅವನನ್ನು ನೇರವಾಗಿ ಇನ್‌ಸ್ಪೆಕ್ಟರ್ ಕೋಣೆಗೆ ಕರೆತಂದು ಕೂರಿಸಿದ.

“ಮೇಡಂ, ನನ್ನ ಹೆಂಡತೀನ ಅಲ್ಲಿ ಪೊಲೀಸರು ಹಿಡ್ಕೊಂಡಿದಾರಂತೆ.”

“ಅಲ್ಲಿ ಅಂದ್ರೆ?”

“ಫಾರಿನ್ನಲ್ಲಿ. ಟೂರ್ ಹೋಗಿದಾಳೆ.”

ಇನ್‌ಸ್ಪೆಕ್ಟರ್ ಮೊದಲು ನೀರು ಕೊಡಿಸಿದಳು. ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ಅವಳು ಕಂಡುಕೊಂಡಿದ್ದ ಸತ್ಯವೆಂದರೆ, ಗಂಟಲು ಒಣಗಿದವನ ದೂರಿಗೆ ತಲೆಬುಡ ಇರುವುದಿಲ್ಲ. ನೀರು ಕುಡಿದ ಮೇಲೆ ದರ್ಜಿಯ ಮಾತು ಒಂದು ದಾರಿಗೆ ಬಂತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ವಿಮಾನವೆಂದರೆ ತನಗೆ ಎದೆ ನಡುಗುತ್ತದೆ ಎಂದು ಅವಳೊಬ್ಬಳನ್ನೇ ಊರಿನ ಟೂರ್ ಕಂಪನಿಯ ಗುಂಪಿನ ಜೊತೆ ಕಳಿಸಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಯಾರೋ ಫೋನ್ ಮಾಡಿ, “ನಾನು ಇಲ್ಲಿನ ಪೊಲೀಸರ ದುಭಾಷಿ. ನಿಮ್ಮ ಮನೆಯವರ ವೀಸಾ ಖೋಟಾ. ದಂಡ ಕಟ್ಟಿದ್ರೆ ಪಾಸ್‌ಪೋರ್ಟ್, ಇಲ್ಲಾಂದ್ರೆ ಜೈಲು” ಎಂದಿದ್ದ. ಹಣದ ಚೀಲವನ್ನು ಸಂಜೆ ನಾಲ್ಕಕ್ಕೆ ಇದೇ ಊರಿನ ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿಗೆ ತರಬೇಕಂತೆ.

“ಆ ದೇಶದ ದಂಡಾನ ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಕಟ್ಟಿಸ್ಕೊಳ್ತಾರಾ? ಭಾರಿ ಅನುಕೂಲ ಆಯ್ತಲ್ಲ” ಎಂದ ದಫೇದಾರ.

ಇನ್‌ಸ್ಪೆಕ್ಟರ್ ಆ ಹೆಂಗಸಿಗೇ ಫೋನ್ ಹಚ್ಚಿಸಿದಳು.

“ಎಲ್ಲಿದೀರಾ?”

“ಹೋಟೆಲಿನ ಕೌಂಟರ್ ಮುಂದೆ, ಪೆಟ್ಟಿಗೆ ಮೇಲೆ ಕೂತಿದೀನಿ. ರೂಮು ಖಾಲಿ ಮಾಡ್ಸಿದ್ರು.”

“ಪಾಸ್‌ಪೋರ್ಟ್ ಯಾರು ತಗೊಂಡ್ರು?”

“ಇಬ್ರು. ಕುತ್ತಿಗೆಗೆ ಕಾರ್ಡು ಹಾಕ್ಕೊಂಡಿದ್ರು, ಪೊಲೀಸ್ ಅಂದ್ರು. ಠಾಣೆಗೆ ಬಾ ಅಂತ ಅಡ್ರೆಸ್ ಕೊಟ್ರು. ಹೋಗಿ ನೋಡಿದ್ರೆ ಅದು ಚಪ್ಪಲಿ ಅಂಗಡಿ.”

“ನಿಮ್ಮ ಗುಂಪು?”

“ಬಸ್ಸು ಕಾಯಲ್ಲ ಅಂತ ಮುಂದಕ್ಕೆ ಹೋಯ್ತು. ನಾಳೆ ಮಧ್ಯಾಹ್ನ ವಾಪಸ್ ವಿಮಾನ, ವೀಸಾನೂ ನಾಳೆಗೇ ಮುಗಿಯುತ್ತೆ. ನಮ್ಮ ದೂತಾವಾಸಕ್ಕೆ ಎರಡು ದಿನ ರಜೆ.” ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಸಣ್ಣಗಾಯಿತು. “ನಮ್ಮನೆಯವರು ತಿಂಡಿ ತಿಂದಿದಾರಾ ಮೇಡಂ?”

ದರ್ಜಿ ಮುಖ ಮುಚ್ಚಿಕೊಂಡ. ನಾಳೆ ದಾಟಿದರೆ ಅವಳು ಪರದೇಶದಲ್ಲಿ ಕಾಗದಪತ್ರವಿಲ್ಲದ ಹೆಂಗಸು. ಆಗ ನಿಜವಾದ ಪೊಲೀಸರೇ ಹಿಡಿಯುತ್ತಾರೆ. ಬೆದರಿಕೆ ಕರೆ ತನ್ನ ಸರಹದ್ದಿನಲ್ಲಿ ಬಂದಿದ್ದರಿಂದ ಇನ್‌ಸ್ಪೆಕ್ಟರ್ ಅಲ್ಲೇ ಎಫ್‌ಐಆರ್ ದಾಖಲಿಸಿದಳು. ಕರೆ ಬಂದ ನಂಬರು ಎಂದೋ ತೀರಿಹೋದ ಮುದುಕನೊಬ್ಬನ ಹೆಸರಿನಲ್ಲಿತ್ತು.

ಮೂರೂವರೆಗೆಲ್ಲ ಬಸ್ ನಿಲ್ದಾಣದಲ್ಲಿ ಮಫ್ತಿ ಪೊಲೀಸರು ಮೈಯೆಲ್ಲ ಕಣ್ಣಾಗಿ ನಿಂತರು. ದರ್ಜಿ ಚೀಲವನ್ನು ಎದೆಗವಚಿಕೊಂಡು ಕೌಂಟರಿನ ಪಕ್ಕ ನಿಂತ. ನಾಲ್ಕಾಯಿತು, ನಾಲ್ಕೂಕಾಲಾಯಿತು. ಬಂದವರು ಪಾರ್ಸೆಲ್ಲಿನವರು, ಹೋದವರು ಪಾರ್ಸೆಲ್ಲಿನವರು. ಕಳ್ಳನಿಗೆ ವಾಸನೆ ಹೊಡೆದಿದೆ ಎಂದುಕೊಂಡ ಇನ್‌ಸ್ಪೆಕ್ಟರ್ ನಾಲ್ಕು ಇಪ್ಪತ್ತಕ್ಕೆ ಎಲ್ಲರನ್ನೂ ವಾಪಸ್ ಕರೆಸಿಕೊಂಡಳು.

ಜೀಪು ಠಾಣೆ ಮುಟ್ಟುವ ಮೊದಲೇ ದರ್ಜಿಯ ಫೋನ್ ಹೊಡೆದುಕೊಂಡಿತು. “ಈಗ ತಾನೇ ನಮ್ಮವರು ಕೌಂಟರಿಗೆ ಬಂದು ನೋಡಿದ್ರು, ನೀವೇ ಇಲ್ಲ. ಇನ್ನು ಪಾಸ್‌ಪೋರ್ಟಿನ ಆಸೆ ಬಿಡಿ.” ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ದರ್ಜಿ ಬೈಯಲೂ ಇಲ್ಲ, ಅಳಲೂ ಇಲ್ಲ. ಅದನ್ನು ನೋಡಿ ಇನ್‌ಸ್ಪೆಕ್ಟರ್‌ಗೆ ಭೂಮಿಗಿಳಿದು ಹೋದಂತಾಯಿತು. ತಪ್ಪು ತನ್ನದು. ಇನ್ನು ಹತ್ತು ನಿಮಿಷ ತಡೆದುಕೊಂಡಿದ್ದರೆ ಕಳ್ಳ ಕೈಗೆ ಸಿಗುತ್ತಿದ್ದ. ಆದರೆ ನಾಲ್ಕಕ್ಕೆ ಬಾ ಎಂದು ಹೇಳಿದವನು ನಾಲ್ಕೂವರೆಗೆ ಬಂದು, ದರ್ಜಿಯೇ ತಡ ಮಾಡಿದ ಎನ್ನುವಂತೆ ಯಾಕೆ ಸಿಟ್ಟಾಗಬೇಕು? ಬೇರೆಯವರು ಅರ್ಧ ಗಂಟೆ ತಡವಾಗಿಯೇ ಬರುತ್ತಾರೆ ಎಂದು ಲೆಕ್ಕ ಹಾಕಿ ಕರೆಯುವವನು ಯಾರು?

“ಈಚೆಗೆ ಯಾರಾದ್ರೂ ನಿಮ್ಮನ್ನ ಮುಂಚಿತವಾಗಿ ಬರಹೇಳಿ ಕಾಯಿಸಿದ್ರಾ?”

ದರ್ಜಿ ಯೋಚಿಸಿ ಹೇಳಿದ. “ಅವಳನ್ನ ಕಳಿಸೋಕೆ ಟೂರ್ ಆಫೀಸಿಗೆ ಹೋದಾಗ. ಆರಕ್ಕೆ ಬಸ್ಸು ಅಂದಿದ್ರು. ಹೊರಟಿದ್ದು ಆರೂವರೆಗೆ.”

ಟೂರ್ ಆಫೀಸಿನ ಗೋಡೆಯ ತುಂಬ ಸಮುದ್ರ, ಹಿಮ, ಗೋಪುರಗಳ ಚಿತ್ರ. ಹೊರಡುವ ಸಮಯವನ್ನು ಜನರಿಗೆ ಹೇಳುವವರು ಯಾರು ಎಂದು ಕೇಳಿದ್ದಕ್ಕೆ ಮಾಲೀಕ ಜಂಬದಿಂದ ಮೂಲೆಯತ್ತ ಕೈ ತೋರಿಸಿದ. “ನಮ್ಮ ಬಾಲಂಗೋಚಿ. ಮೊದಲು ಗೈಡ್ ಆಗಿದ್ದ, ಗುಂಪಿನ ಹಿಂದೆ ನಡ್ಕೊಂಡು ತಲೆ ಎಣಿಸ್ತಿದ್ದ. ಆರೂವರೆ ಬಸ್ಸಿಗೆ ಆರು ಅಂತಾನೆ. ಜನ ತಡ ಮಾಡಿದ್ರೂ ಒಂದು ವಿಮಾನ ತಪ್ಪಿಲ್ಲ.”

“ಇವತ್ತು ನಾಲ್ಕೂವರೆಗೆ ಎಲ್ಲಿದ್ದ?”

“ಬಸ್ ಸ್ಟ್ಯಾಂಡಿಗೆ ಹೋಗಿದ್ದ, ಪಾರ್ಸೆಲ್ ಹಾಕೋಕೆ.”

ಮೂಲೆಯಲ್ಲಿ ಕೂತವನು ಪೆಟ್ಟಿಗೆಗಳಿಗೆ ಹಳದಿ ರಿಬ್ಬನ್ ಕಟ್ಟುತ್ತಿದ್ದ. ಕಟ್ಟುವ ಕೈ ನಿಂತುಹೋಯಿತು. ಇಬ್ಬರು ಪಂಚರ ಮುಂದೆ ಅವನ ಮೇಜಿನ ಡ್ರಾಯರ್ ತೆಗೆಸಿದಾಗ ರಿಬ್ಬನ್ ಸುರುಳಿಗಳ ಅಡಿಯಲ್ಲಿ ಎರಡನೆಯ ಮೊಬೈಲ್ ಸಿಕ್ಕಿತು. ಅದನ್ನು ಚಾಲೂ ಮಾಡಿ ನೋಡಿದರೆ ದರ್ಜಿಗೆ ಮಾಡಿದ ಎರಡೂ ಕರೆ ಅದರಲ್ಲಿದ್ದವು. ಪಂಚನಾಮೆ ಮುಗಿಸಿ, ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು.

“ಪಾಸ್‌ಪೋರ್ಟ್ ಯಾರ ಹತ್ರ ಇದೆ?”

ಅವನು ಬೆರಳಿಗೆ ಸುತ್ತಿಕೊಂಡೇ ಉಳಿದಿದ್ದ ರಿಬ್ಬನ್ ಚೂರನ್ನು ಬಿಚ್ಚತೊಡಗಿದ.

“ಹರಿದು ಹಾಕಿದ್ರಾ?”

ಗಡಿಯಾರದಲ್ಲಿ ಏಳು ದಾಟಿತ್ತು. ಇನ್‌ಸ್ಪೆಕ್ಟರ್‌ಗೆ ಕೈ ಎತ್ತಿಬಿಡುವಷ್ಟು ಸಿಟ್ಟು ಬಂದಿತ್ತು, ತಡೆದುಕೊಂಡಳು. ಅವನ ಕಣ್ಣು ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತಿದ್ದ ದರ್ಜಿಯ ಮೇಲಿತ್ತು.

“ಅವರು ಠಾಣೆಗೆ ಯಾವಾಗ ಬಂದ್ರು?” ಎಂದು ಅವನೇ ಕೇಳಿದ.

“ನೀನು ಫೋನ್ ಮಾಡಿದ ಒಂದು ಗಂಟೆಯೊಳಗೆ.”

“ಅಷ್ಟು ಬೇಗ ಬಂದ್ರಾ?” ಎಂದು ಅವನು ತಲೆ ತಗ್ಗಿಸಿದ. ಆಮೇಲೆ ಬಾಯಿಬಿಟ್ಟ.

ನಾಲ್ಕು ವರ್ಷದ ಹಿಂದೆ, ದರ್ಜಿಯ ಹೆಂಡತಿ ಸಿಕ್ಕಿಬಿದ್ದ ಆ ಪರದೇಶದ ಊರಿನಲ್ಲೇ, ಕುತ್ತಿಗೆಗೆ ಕಾರ್ಡು ಹಾಕಿಕೊಂಡ ಅದೇ ಇಬ್ಬರು ಅವನ ಪಾಸ್‌ಪೋರ್ಟನ್ನೂ ಕಸಿದಿದ್ದರು. ಆ ಸಲ ಜೊತೆಗಿದ್ದ ಮಾಲೀಕ ಗುಂಪನ್ನು ಕರೆದುಕೊಂಡು ಮುಂದೆ ಹೋದ. ವೀಸಾ ಮುಗಿದು ಇವನು ಸೆರೆಮನೆ ಸೇರಿದ. “ಒಂದೂವರೆ ತಿಂಗಳು ಮೇಡಂ. ಇದಾನಾ ಸತ್ತನಾ ಅಂತ ಇಲ್ಲಿಂದ ಒಂದು ಫೋನ್ ಬರಲಿಲ್ಲ. ಬೇರೆ ಕೇಸಲ್ಲಿ ಆ ಇಬ್ರೂ ಒಳಗೆ ಬಂದ್ರು. ಊಟ ಮಾಡ್ದ್ಯಾ ಅಂತ ಕೇಳಿದವರು ಅವರಿಬ್ಬರೇ.” ಊರಿಗೆ ಬಂದ ಮೇಲೆ ಮಾಲೀಕ ಅವನನ್ನು ಮೂಲೆಯ ಮೇಜಿಗೆ ಕೂರಿಸಿದ್ದ. ಅವನು ಗುಂಪುಗಳ ಸುಳಿವನ್ನು ಆ ಇಬ್ಬರಿಗೆ ಕೊಡತೊಡಗಿದ್ದ.

ಇನ್‌ಸ್ಪೆಕ್ಟರ್ ಫೋನನ್ನು ಅವನ ಮುಂದೆ ತಳ್ಳಿದಳು. ಪಾಸ್‌ಪೋರ್ಟ್ ವಾಪಸ್ ಮುಟ್ಟಿಸಿ ಎಂದು ಅವನು ಆ ಇಬ್ಬರ ಜೊತೆ ಮಾತಾಡಿದ. ಒಂದು ಗಂಟೆ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಎಂಟೂವರೆಗೆ ದರ್ಜಿಯ ಹೆಂಡತಿಯ ಕರೆ ಬಂತು: ಯಾರೋ ಲಕೋಟೆಯೊಂದನ್ನು ಹೋಟೆಲಿನ ಕೌಂಟರಿನಲ್ಲಿಟ್ಟು ಓಡಿಹೋದರು, ಒಳಗೆ ಪಾಸ್‌ಪೋರ್ಟ್ ಇದೆ. ದರ್ಜಿ ಗೋಡೆಗೆ ಹಣೆ ಒತ್ತಿಕೊಂಡು ಗಳಗಳನೆ ಅತ್ತ. ಆ ಇಬ್ಬರ ವಿವರವನ್ನು ಇನ್‌ಸ್ಪೆಕ್ಟರ್ ಅಲ್ಲಿನ ಪೊಲೀಸರಿಗೆ ಕಳಿಸಿದಳು.

ಅಷ್ಟರಲ್ಲಿ ಮಾಲೀಕ ಬಂದ. ಲಾಕಪ್ಪಿನೊಳಗಿದ್ದವನು ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ಪೇಪರಿನಲ್ಲಿ ಕಂಪನಿಯ ಹೆಸರು ಬರುತ್ತದೆಯೇ ಎಂದು ವಿಚಾರಿಸಿ, ಮಾಲೀಕ ಆ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ದರ್ಜಿ ಕಣ್ಣೊರೆಸಿಕೊಂಡು ಸರಳುಗಳ ಮುಂದೆ ಬಂದು ನಿಂತ. ದಫೇದಾರ ಅಡ್ಡ ಹೋಗಲು ಹೊರಟ, ಇನ್‌ಸ್ಪೆಕ್ಟರ್ ಕೈಸನ್ನೆಯಲ್ಲೇ ತಡೆದಳು.

“ನಿನ್ನನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ” ಎಂದ ದರ್ಜಿ. ಹೊರಡಲು ತಿರುಗಿದವನು ಮತ್ತೆ ಸರಳುಗಳತ್ತ ಬಂದ. ಆಮೇಲೆ ಕೇಳಿದ. “ನೀನು ಇಲ್ಲಿರೋದು ನಿಮ್ಮ ಮನೇಲಿ ಗೊತ್ತಾ?”

ಒಳಗಿದ್ದವನು ಸರಳು ಹಿಡಿದುಕೊಂಡು, “ಅಮ್ಮ ಒಬ್ಬಳೇ ಇದಾಳೆ” ಎಂದ.

“ನಂಬರ್ ಹೇಳು” ಎಂದು ದರ್ಜಿ ಫೋನ್ ತೆಗೆದ.