ನೂರಮೂವತ್ತೈದರವಳು

ಅವಳು ಬಂದವಳೇ ನನ್ನ ಮೇಜಿನ ಮೇಲೆ ನನ್ನದೇ ಕಿವಿಯನ್ನು ಇಟ್ಟಳು.

ಪುಸ್ತಕದಷ್ಟು ದೊಡ್ಡ ಪ್ರಿಂಟ್. ಎಡಗಿವಿಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಕಣ್ಣು, ಮೂಗು, ಆ ಹೊತ್ತಿಗೆ ಕಷ್ಟಪಟ್ಟು ತಂದುಕೊಂಡಿದ್ದ ನನ್ನ ಮುಗುಳ್ನಗೆ ಎಲ್ಲವೂ ಮಂಜಿನೊಳಗೆ ಕಲಸಿಹೋಗಿದ್ದವು.

"ಇದೇನು ಹೇಳಿ."

"ಕಿವಿ."

"ಕಿವಿ ಅಂತ ನನಗೂ ಗೊತ್ತು. ನಾನು ಫೋಕಸ್ ಮಾಡಿದ್ದು ಕಣ್ಣಿಗೆ. ನೀವು ರಿಪೇರಿ ಮಾಡಿಕೊಟ್ಟ ಲೆನ್ಸ್ ಕಿವಿ ಹಿಡ್ಕೊಂಡು ಬಂದಿದೆ!"

ನನ್ನ ಕೆಲಸ ಲೆನ್ಸ್ ರಿಪೇರಿ. ಮೊದಲ ಮಹಡಿಯಲ್ಲಿ ಎರಡು ಕೋಣೆ. ಮುಂದಿನ ಕೌಂಟರಿನಲ್ಲಿ ಅಕ್ಕ, ಒಳಗೆ ದೀಪದ ಕೆಳಗೆ ನಾನು. ನಮ್ಮಲ್ಲಿ ಗಿರಾಕಿಗಳಿಗೆ ಹೆಸರಿಲ್ಲ, ಅವರ ಲೆನ್ಸಿನ ನಂಬರೇ ಹೆಸರು. "ಐವತ್ತು ಬಂದಿದ್ದಾರೆ, ಕೂರಿಸ್ಲಾ?" "ಎಂಬತ್ತೈದು ಯಾಕೋ ಬೈತಾ ಇದ್ದಾರೆ" ಎಂದು ಅಕ್ಕ ಬಾಗಿಲಿನಿಂದ ಕೂಗುವುದು. ಇವಳು ನೂರಮೂವತ್ತೈದು.

ಆ ಲೆನ್ಸಿನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಅದಕ್ಕೆ ಜೂಮ್ ಇಲ್ಲ. ಹತ್ತಿರ ಬೇಕೆಂದರೆ ನಾವೇ ನಡೆದು ಹೋಗಬೇಕು, ದೂರ ಬೇಕೆಂದರೆ ನಾವೇ ಹಿಂದೆ ಸರಿಯಬೇಕು. ಒಂದು ಮುಖ ತೆಗೆಯಲು ಏಳು ಅಡಿ ದೂರ ನಿಲ್ಲಬೇಕು. ಒಳಗಿನ ಬೆಳಕಿನ ಕಂಡಿಯನ್ನು ಪೂರ್ತಿ ತೆರೆದಾಗ ಅದು ಬೆಳಕನ್ನು ಗಟಗಟ ಕುಡಿಯುತ್ತದೆ; ಆದರೆ ಸ್ಪಷ್ಟವಾಗಿ ಕಾಣುವುದು ಒಂದೇ ಇಂಚಿನಷ್ಟು ಆಳ. ಅದರ ಹಿಂದಿನ ಕಿಟಕಿ, ಕಪಾಟು, ಬೀದಿಯ ದೀಪ ಎಲ್ಲ ಕರಗಿ ಬಣ್ಣವಾಗುತ್ತವೆ. ಆ ಒಂದು ಇಂಚಿನಲ್ಲಿ ಯಾರ ಕಣ್ಣು ಸಿಕ್ಕುತ್ತದೋ ಅವರು ಲೋಕದಲ್ಲಿ ತಾವೊಬ್ಬರೇ ಉಳಿದವರ ಹಾಗೆ ಕಾಣುತ್ತಾರೆ.

ಅವಳ ಲೆನ್ಸ್ ಮೆಟ್ಟಿಲಿನ ಮೇಲಿಂದ ಬಿದ್ದು ಒಳಗಿನ ಗಾಜು ಜರುಗಿತ್ತು. ನಾನು ಕೂರಿಸಿಕೊಟ್ಟಿದ್ದೆ. ಕೊಟ್ಟ ದಿನ ಎದುರಿಗೆ ಕೂತಿದ್ದವನು ನಾನೇ ಆದ್ದರಿಂದ ನನ್ನ ಮೇಲೆಯೇ ಪರೀಕ್ಷೆ ನಡೆದಿತ್ತು.

"ಮುಂದಿನ ಶನಿವಾರದೊಳಗೆ ನಾಟಕ ಕಂಪನಿಗೆ ಐದು ಪೋರ್ಟ್ರೇಟ್ ಕಳಿಸ್ಬೇಕು," ಎಂದಳು. "ಒಪ್ಪಿದ್ರೆ ಒಂದು ವರ್ಷ ಅವರ ಫೋಟೋಗ್ರಾಫರ್ ಆಗಿ ಊರೂರು ತಿರುಗ್ತೀನಿ. ಇಲ್ಲಾಂದ್ರೆ ಅಣ್ಣನ ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ ಇದ್ದೇ ಇದೆ. ಗಲ್ಲ ಎತ್ತಿ, ನಗಬೇಡಿ, ಮುಂದಿನವರು ಬನ್ನಿ."

"ಬೇರೆ ಯಾರನ್ನಾದ್ರೂ ತೆಗೆದು ನೋಡಿದ್ರಾ?"

"ಲೆನ್ಸ್ ಸರಿ ಇದೆ ಅಂತ ಗೊತ್ತಾಗೋವರೆಗೂ ನಾನು ಇನ್ನೊಬ್ಬರ ಮುಖಕ್ಕೆ ಕೈ ಹಾಕಲ್ಲ. ನೀವು ಕೆಡಿಸಿದ್ದು, ನಿಮ್ಮ ಮುಖಾನೇ ಕೆಡಲಿ."

ಲೆನ್ಸನ್ನು ಸ್ಟ್ಯಾಂಡಿಗೆ ಹಾಕಿ ಗೋಡೆಯ ಚಾರ್ಟಿಗೆ ಹಿಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಒಂದು ಸ್ಕ್ರೂ ಬಿಚ್ಚಿ, ಅದನ್ನೇ ಮತ್ತೆ ಬಿಗಿದು ಕೊಟ್ಟೆ. ಅವಳು ಏಳು ಅಡಿ ಹಿಂದೆ ಹೋಗಿ ಕ್ಯಾಮೆರಾ ಎತ್ತಿದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಒಂದು ಕಣ್ಣು ಮುಚ್ಚಿತು, ನಾಲಿಗೆಯ ತುದಿ ತುಟಿಯ ಅಂಚಿಗೆ ಬಂತು.

"ಉಸಿರು ಹಿಡ್ಕೊಳ್ಳಿ."

ನಾನು ಆಗಲೇ ಹಿಡಿದುಕೊಂಡಿದ್ದೆ.

ಕ್ಲಿಕ್. ನೋಡಿದರೆ ಮತ್ತೆ ಕಿವಿ.

ಸೋಮವಾರ ಬಂದಳು, ಕಿವಿ. ಬುಧವಾರ ಬಂದಳು. ಅಂದು ನಾನು ಲೆನ್ಸನ್ನು ನೋಡುವುದು ಬಿಟ್ಟು ಅವಳ ಕಾಲನ್ನು ನೋಡಿದೆ. ಅವಳು ಬಟನ್ನನ್ನು ಅರ್ಧ ಒತ್ತಿದಳು. ಫೋಕಸ್ ಸಿಕ್ಕಿತೆಂದು ಕ್ಯಾಮೆರಾ ಪೀಪ್ ಎಂದಿತು. ಆಮೇಲೆ ಅವಳ ಹಿಮ್ಮಡಿಗಳು ಮೆಲ್ಲಗೆ ನೆಲ ಬಿಟ್ಟವು. ಇಡೀ ಮೈ ನಾಲ್ಕು ಬೆರಳಿನಷ್ಟು ನನ್ನ ಕಡೆಗೆ ಬಾಗಿತು. ಆಮೇಲೆ ಕ್ಲಿಕ್. ಅವಳು ಮುಂದೆ ಬಂದಷ್ಟೂ ಆ ಒಂದು ಇಂಚು ನನ್ನ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತಿತ್ತು. ಕಣ್ಣಿನಿಂದ ನಾಲ್ಕು ಬೆರಳು ಹಿಂದೆ ಇರುವುದು ಕಿವಿ.

ಇದು ಬಾಯೊಳಗಿನ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಿರಾಕಿಗೆ "ತಪ್ಪು ಲೆನ್ಸಿನದಲ್ಲ, ನೀವು ನನ್ನ ಕಡೆ ವಾಲುತ್ತಿದ್ದೀರಿ" ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಳಿದರೆ ಅವಳು ನಾಚಿಯೋ ಸಿಡುಕಿಯೋ ಹೋಗಿಬಿಡುತ್ತಾಳೆ. ಹೇಳದಿದ್ದರೆ ಮತ್ತೆ ಬರುತ್ತಾಳೆ.

"ಇನ್ನೊಂದ್ಸಲ ನೋಡ್ತೀನಿ, ಶುಕ್ರವಾರ ಬನ್ನಿ," ಎಂದೆ.

ನಾನು ಒಳ್ಳೆಯವನೇ, ಆದರೆ ಅಷ್ಟೊಂದು ಒಳ್ಳೆಯವನಲ್ಲ.

"ಆ ಲೆನ್ಸ್ ನೀನು ಮುಟ್ಟೇ ಇಲ್ವಲ್ಲೋ, ಎರಡು ದಿನದಿಂದ ಬಟ್ಟೇಲಿ ಸುತ್ತಿ ಇಟ್ಟಿದೀಯ," ಎಂದಳು ಅಕ್ಕ, ಗುರುವಾರ ಸಂಜೆ.

"ನಾನೇನು ಬೇಕೂಂತ ಇಟ್ಕೊಂಡಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಬೇಕೂಂತ ಅಂದ್ನಾ?"

ಶುಕ್ರವಾರ ಅವಳು ಜಗಳ ಮಾಡಲು ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಕುರ್ಚಿಯ ತುದಿಯಲ್ಲಿ ಕೂತು ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಆ ಲೆನ್ಸ್ ಮಾರಿಬಿಡ್ತೀನಿ. ಲೆನ್ಸಿನ ತಪ್ಪಲ್ಲ, ನನಗೆ ಗೊತ್ತು. ಕೈಯಿಂದ ಜಾರಿ ಬಿತ್ತಲ್ಲ, ಅವತ್ತೇ ನನ್ನ ಕೈ ಹೋಯ್ತು ಅನ್ಸುತ್ತೆ. ಅಣ್ಣನಿಗೆ ಸೋಮವಾರದಿಂದ ಬರ್ತೀನಿ ಅಂದಿದೀನಿ."

ಇನ್ನೊಂದು ಸಲ ನೋಡುವ ಆಸೆಗೆ ನಾನು ಅವಳ ಕೈಯನ್ನೇ ಅವಳಿಂದ ಕಿತ್ತುಕೊಂಡಿದ್ದೆ.

"ಏಳಿ," ಎಂದು ಲೆನ್ಸನ್ನು ಅವಳ ಕೈಗಿಟ್ಟೆ. "ಅಕ್ಕನ್ನ ತೆಗೀರಿ."

"ಸರಿಯಿಲ್ಲದ ಕೈಯಲ್ಲಿ..."

"ತೆಗೀರಿ ಅಂದೆ."

ಅಕ್ಕ ಕೌಂಟರಿನಲ್ಲೇ ಕನ್ನಡಕ ತೆಗೆದು ಕೂತಳು. ಕ್ಲಿಕ್. ಒಂದೊಂದು ರೆಪ್ಪೆಗೂದಲನ್ನೂ ಎಣಿಸುವಂತಿತ್ತು. ಪಕ್ಕದಂಗಡಿಯ ವಾಚ್ ರಿಪೇರಿ ತಾತನನ್ನು ಕರೆತಂದು ಕೂರಿಸಿದೆ. ತಾತನ ಕಣ್ಣಿನ ಪಾಪೆಯಲ್ಲಿ ನಮ್ಮ ಕಿಟಕಿ, ಕಿಟಕಿಯಲ್ಲಿ ಮೋಡ. ಅವಳು ಪರದೆಯನ್ನು ನೋಡಿದಳು, ಮತ್ತೆ ನೋಡಿದಳು. ಮುಖ ಅರಳಿತು.

"ಹಾಗಾದ್ರೆ ನನ್ನ ಕೈ ಸರಿ ಇದೆ!"

ತಾತ ಎದ್ದು ಹೋದರು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಮತ್ತೆ ನಿಮ್ಮದು ಮಾತ್ರ ಯಾಕೆ?"

"ನೀವು ಫೋಕಸ್ ಮಾಡಿದ ಮೇಲೆ ಮುಂದಕ್ಕೆ ಬರ್ತೀರಿ. ನಾಲ್ಕು ಬೆರಳಿನಷ್ಟು."

"ಯಾರು, ನಾನಾ?"

"ಅಕ್ಕನ್ನ ತೆಗೆಯುವಾಗ ಬರಲಿಲ್ಲ. ತಾತನ್ನ ತೆಗೆಯುವಾಗಲೂ ಬರಲಿಲ್ಲ. ನನ್ನನ್ನ ತೆಗೆಯುವಾಗ ಮಾತ್ರ."

ಅವಳ ಕೆನ್ನೆ ಕೆಂಪಾಯಿತು, ಕುತ್ತಿಗೆಯವರೆಗೂ. ಅಕ್ಕನಿಗೆ ಇದ್ದಕ್ಕಿದ್ದಂತೆ ಡ್ರಾಯರಿನಲ್ಲಿ ಏನೋ ಹುಡುಕುವುದಿತ್ತು.

"ಯಾವತ್ತಿಂದ ಗೊತ್ತು ನಿಮಗೆ?"

ಸುಳ್ಳು ಹೇಳಬಹುದಿತ್ತು. "ಬುಧವಾರದಿಂದ."

"ಎರಡು ದಿನ! ನನ್ನ ಕೈಗೇ ಏನೋ ಆಗಿದೆ ಅಂತ ಎರಡು ದಿನ ಅತ್ತಿದೀನಿ. ನೀವು ಸುಮ್ನೆ ಕೂತಿದ್ರಾ?"

"ಹೇಳಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

ಅವಳು ಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ತಿರುಗಿಯೂ ನೋಡಲಿಲ್ಲ.

"ಬುದ್ಧಿ ಇದೆಯೇನೋ ನಿನಗೆ?" ಎಂದಳು ಅಕ್ಕ. ಇರಲಿಲ್ಲ. ಹನ್ನೆರಡು ದಿನ ನಾನು ಗಾಜು ಒರೆಸಿದೆ, ಸ್ಕ್ರೂ ಬಿಗಿದೆ, ಮೆಟ್ಟಿಲಿನ ಸದ್ದಿಗೆಲ್ಲ ತಲೆ ಎತ್ತಿದೆ. ಅವಳ ಮುಖವನ್ನು ನೆನಪು ಮಾಡಿಕೊಳ್ಳಲು ಹೋದರೆ ಅರ್ಧ ಮುಖಕ್ಕೆ ಕ್ಯಾಮೆರಾವೇ ಅಡ್ಡ ಬರುತ್ತಿತ್ತು.

ಹದಿಮೂರನೆಯ ದಿನ ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತಳು. ಕೂಗಲಿಲ್ಲ, ಮೆಲ್ಲಗೆ "ನೂರಮೂವತ್ತೈದು" ಎಂದು ಹೇಳಿ, ಊಟದ ಡಬ್ಬಿ ಎತ್ತಿಕೊಂಡು ತಾತನ ಅಂಗಡಿಗೆ ಹೋದಳು.

"ಕೆಲಸ ಸಿಕ್ತು," ಎಂದಳು ಅವಳು. "ನಾಳೆ ಬೆಳಗ್ಗೆ ಬಸ್ಸು."

"ಒಳ್ಳೇದಾಯ್ತು." ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟೆ. "ಆ ಎರಡು ದಿನಕ್ಕೆ ಕ್ಷಮಿಸಿ. ನಾನು ಮಾಡಿದ್ದು ತಪ್ಪು. ನಿಮ್ಮನ್ನ ನೋಡಬೇಕು ಅನ್ನೋದೊಂದೇ ತಲೇಲಿತ್ತು."

"ಸಿಟ್ಟು ಇನ್ನೂ ಇದೆ. ಕೂತ್ಕೊಳ್ಳಿ."

ಕೂತೆ. ಅವಳು ಏಳು ಅಡಿ ಹಿಂದೆ ಹೋಗಿ ಕ್ಯಾಮೆರಾ ಎತ್ತಿದಳು. ಪೀಪ್ ಎಂದಿತು, ಕ್ಲಿಕ್ ಎನ್ನಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು. ಮತ್ತೆ ಪೀಪ್. ಇನ್ನೊಂದು ಹೆಜ್ಜೆ. ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಐದು ಅಡಿ, ನಾಲ್ಕು ಅಡಿ. ಲೆನ್ಸಿನ ದೊಡ್ಡ ಗಾಜಿನಲ್ಲಿ ನನ್ನ ಮುಖ ತಲೆಕೆಳಗಾಗಿ ಬೆಳೆಯಿತು. ಮೂರು ಅಡಿಗಿಂತ ಹತ್ತಿರ ಬಂದರೆ ಆ ಲೆನ್ಸಿಗೆ ಏನೂ ಕಾಣದು. ಒಳಗಿನ ಮೋಟಾರು ಆಚೆಗೊಮ್ಮೆ ಈಚೆಗೊಮ್ಮೆ ತಡಕಾಡಿ ಸುಮ್ಮನಾಯಿತು.

ಅವಳು ಕ್ಯಾಮೆರಾ ಕೆಳಗಿಳಿಸಿದಳು. ಅಷ್ಟು ಹತ್ತಿರದಿಂದ, ಮಧ್ಯೆ ಏನೂ ಇಲ್ಲದೆ, ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಲ ಹುಬ್ಬಿನ ಕೆಳಗೆ ಒಂದು ಸಣ್ಣ ಮಚ್ಚೆಯಿತ್ತು. ಕಣ್ಣಲ್ಲಿ ನೀರಿತ್ತು, ಸಿಟ್ಟು ಅದರಲ್ಲಿ ಸ್ವಲ್ಪವೇ ಉಳಿದಿತ್ತು.

"ನಾಲ್ಕು ಬೆರಳಲ್ಲ, ಏಳು ಅಡೀನೂ ಬಂದಿದೀನಿ," ಎಂದಳು. "ಈಗ ಹೇಳಿ, ಏನು ಮಾಡೋಣ?"

"ನನಗೆ ನೀವಂದ್ರೆ ತುಂಬಾ ಇಷ್ಟ," ಎಂದೆ. "ಒಂದು ವರ್ಷ ಕಾಯ್ತೀನಿ. ಇಲ್ಲ, ಕಾಯೋಕಾಗಲ್ಲ. ನಾಟಕ ಇರೋ ಊರಿಗೆಲ್ಲ ತಿಂಗಳಿಗೊಂದ್ಸಲ ಬರ್ತೀನಿ. ಧೂಳು, ಓಡಾಟ... ಲೆನ್ಸ್ ನೋಡೋಕೆ ಯಾರಾದ್ರೂ ಬೇಕಲ್ವಾ?"

ಅವಳು ನನ್ನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಲೆನ್ಸ್ ಸರಿ ಇದೆ," ಎಂದಳು. "ನೀವು ಸುಮ್ನೆ ಬನ್ನಿ."