ಹತ್ತು ಉಸಿರಿಗೆ ಎಷ್ಟು ಸೆಕೆಂಡ್

"ಹತ್ತು," ಎಂದಳು ಪಟಾಕಿ, ಗುಂಡನ ಹೊಟ್ಟೆಯ ಮೇಲಿಂದ ಮೆಲ್ಲಗೆ ಕೈ ತೆಗೆಯುತ್ತಾ. "ಅಮ್ಮಾ, ಮತ್ತೆ ಇಳೀತು. ಈಗ ಬರೀ ಹತ್ತು."

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಬೆಳಿಗ್ಗೆ ಹದಿನೈದು, ಮಧ್ಯಾಹ್ನ ಹನ್ನೆರಡು, ಈಗ ನಾಲ್ಕು ಗಂಟೆಗೆ ಹತ್ತು. "ಸದ್ಯ," ಎಂದು ನಿಟ್ಟುಸಿರುಬಿಟ್ಟ ಅಮ್ಮ ಮತ್ತೆ ಮಿಷನ್ ತುಳಿಯತೊಡಗಿದಳು. ಬೆಳಗಾಗುವುದರೊಳಗೆ ಆರು ಯೂನಿಫಾರ್ಮ್ ಹೊಲಿದು ಮುಗಿಸಬೇಕಿತ್ತು.

ಪಟಾಕಿ ಎಂಬುದು ಮನೆಯವರು ಇಟ್ಟ ಹೆಸರು. ಅರಳು ಹುರಿದ ಹಾಗೆ ಮಾತಾಡುವ ಐದನೇ ಕ್ಲಾಸಿನ ಹುಡುಗಿಯನ್ನು ಇನ್ನೇನೆಂದು ಕರೆಯುತ್ತಾರೆ? ಗುಂಡ ಅವಳ ತಮ್ಮ, ಎಂಟು ತಿಂಗಳ ಕೂಸು. ಎರಡು ದಿನದಿಂದ ಅವನಿಗೆ ಕೆಮ್ಮು, ಜ್ವರ. ಆಸ್ಪತ್ರೆಯ ನರ್ಸಮ್ಮ ನಿನ್ನೆ ಔಷಧಿ ಕೊಟ್ಟು, ಮಗು ಮಲಗಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆದಿಡಿ ಎಂದಿದ್ದರು. ಎಣಿಕೆ ಏರುತ್ತಾ ಹೋದರೆ ಒಂದು ಗಳಿಗೆಯೂ ಕಾಯಬೇಡಿ, ಕರೆತನ್ನಿ ಎಂದೂ ಹೇಳಿದ್ದರು. ಅಪ್ಪ ಬಸ್ ಡ್ರೈವರ್, ದೂರದ ರೂಟಿಗೆ ಹೋಗಿದ್ದರು. ಪಟಾಕಿಗೆ ಶಾಲೆಗೆ ರಜೆ. ಎಣಿಸುವ ಕೆಲಸ ಅವಳ ಪಾಲಿಗೆ ಬಂತು.

ಒಂದು ನಿಮಿಷ ಎಣಿಸಲು ಗುಂಡ ಬಿಡಬೇಕಲ್ಲ! ಮೂವತ್ತು ದಾಟುವಷ್ಟರಲ್ಲಿ ಕಾಲು ಒದೆಯುತ್ತಿದ್ದ, ಲೆಕ್ಕ ತಪ್ಪಿಹೋಗುತ್ತಿತ್ತು. ಆಗ ಪಟಾಕಿಗೆ ಕ್ಲಾಸಿನಲ್ಲಿ ಸರ್ ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿದ್ದು ನೆನಪಾಯಿತು. ಹತ್ತು ಸಲ ತೂಗಲು ಎಷ್ಟು ಸೆಕೆಂಡ್ ಬೇಕು ಎಂದು ಅವರು ನೋಡಿದ್ದರು. ಅವಳೂ ಅಮ್ಮನ ಮೊಬೈಲಿನಲ್ಲಿ ಹತ್ತು ಉಸಿರಿಗೆ ಎಷ್ಟು ಸೆಕೆಂಡ್ ಎಂದು ನೋಡಿ ಚೀಟಿಯಲ್ಲಿ ಬರೆದಳು. ಎಷ್ಟು ಸುಲಭ! ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಈಗ ಗುಂಡನನ್ನು ಅಮ್ಮನ ಕಣ್ಣಳತೆಯಲ್ಲಿ ಮಲಗಲು ಬಿಟ್ಟು, ಅವಳು ಅಕ್ಕನ ಪಕ್ಕ ಹೋಗಿ ಕುಳಿತಳು. ಕಾಲೇಜಿಗೆ ಹೋಗುವ ಅಕ್ಕ ಗ್ರಾಫ್ ಹಾಳೆ ಹರಡಿಕೊಂಡು ತ್ರಿಕೋನಮಿತಿಯ ಲೆಕ್ಕ ಮಾಡುತ್ತಿದ್ದಳು. ಹಾಳೆಯ ಮೇಲೆ ಎರಡು ಅಲೆಗಳು. ಒಂದು ನಿಧಾನವಾಗಿ ಏರಿ ಇಳಿದಿತ್ತು, ಇನ್ನೊಂದು ಒತ್ತೊತ್ತಾಗಿತ್ತು.

ಇದೇನು ಹಾವಿನ ಚಿತ್ರವಾ ಎಂದು ಪಟಾಕಿ ಕೇಳಿದಳು. ಸ್ಪ್ರಿಂಗಿಗೆ ತೂಗುಹಾಕಿದ ತೂಕ ಮೇಲೆ ಕೆಳಗೆ ಆಡುವುದನ್ನು ಹೀಗೆ ಬರೆಯುತ್ತಾರೆ ಎಂದಳು ಅಕ್ಕ. ಒಂದು ಸಲ ಪೂರ್ತಿ ಏರಿಳಿಯಲು ಹಿಡಿಯುವ ಹೊತ್ತು ಪೀರಿಯಡ್ ಅಂತೆ. ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಸಲ ಏರಿಳಿಯಿತು ಎನ್ನುವುದು ಫ್ರೀಕ್ವೆನ್ಸಿ ಅಂತೆ.

"ಈ ಅಲೆಗೆ ಒಂದೂವರೆ ಸೆಕೆಂಡ್. ಇದಕ್ಕೆ ಒಂದೇ ಸೆಕೆಂಡ್. ಯಾವುದು ಜಾಸ್ತಿ ಸಲ ಏರಿಳಿಯುತ್ತೆ, ಹೇಳು ನೋಡೋಣ."

"ಒಂದೂವರೇದು. ಅದೇ ದೊಡ್ಡ ನಂಬರ್ ಅಲ್ವಾ?"

"ಬಾಯಿಗೆ ಬಂದಿದ್ದು ಹೇಳ್ಬೇಡ. ಎಣಿಸು."

ಪಟಾಕಿ ಬೆರಳಿಟ್ಟು ಎಣಿಸಿದಳು. ಆರು ಸೆಕೆಂಡಿನ ಗೆರೆ ಮುಟ್ಟುವಷ್ಟರಲ್ಲಿ ಮೊದಲನೆಯದು ನಾಲ್ಕು ಸಲ ಏರಿಳಿದಿತ್ತು. ಎರಡನೆಯದು ಆರು ಸಲ. ಅವಳ ಬೆರಳು ಅಲ್ಲೇ ನಿಂತಿತು.

ಜೇಬಿನಿಂದ ಚೀಟಿ ತೆಗೆದಳು. ಬೆಳಿಗ್ಗೆ ಹತ್ತು ಉಸಿರಿಗೆ ಹದಿನೈದು ಸೆಕೆಂಡ್. ಅಂದರೆ ಒಂದಕ್ಕೆ ಒಂದೂವರೆ. ಈಗ ಹತ್ತಕ್ಕೆ ಹತ್ತು, ಒಂದಕ್ಕೆ ಒಂದು. ನಿಮಿಷಕ್ಕೆ ನಲವತ್ತಿದ್ದದ್ದು ಅರವತ್ತಾಗಿತ್ತು. ಗುಂಡನ ಉಸಿರು ಇಳಿದಿರಲಿಲ್ಲ, ಬೆಳಗಿನಿಂದ ಏರುತ್ತಲೇ ಇತ್ತು.

ಎದ್ದು ಹೋಗಿ ಗುಂಡನ ಅಂಗಿ ಸರಿಸಿದಳು. ಪುಟ್ಟ ಹೊಟ್ಟೆ ಬೇಗ ಬೇಗ ಏರಿಳಿಯುತ್ತಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಇಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದವಳು ಇದನ್ನು ನೋಡಿಯೇ ಇರಲಿಲ್ಲ.

"ಅಮ್ಮಾ, ನಾನು ತಪ್ಪು ಹೇಳಿದೆ. ಉಸಿರು ಏರಿದೆ. ಆಸ್ಪತ್ರೆಗೆ ಹೋಗೋಣ."

ಅಮ್ಮ ಏನು, ಎತ್ತ ಎಂದು ಕೇಳಲಿಲ್ಲ. ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಮಗುವನ್ನು ಎತ್ತಿಕೊಂಡಳು. ಅಕ್ಕ ಆಟೋ ಕರೆಯಲು ಓಡಿದಳು.

ನರ್ಸಮ್ಮ ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಎಣಿಸಿದರು. ಅರವತ್ತೆರಡು. ಅವರ ಹುಬ್ಬು ಗಂಟಿಕ್ಕಿತು. "ಇಷ್ಟಾಗೋವರೆಗೂ ಏನ್ ಮಾಡ್ತಿದ್ರಿ? ಎಣಿಸಿ ಅಂತ ಹೇಳಿರಲಿಲ್ವಾ?"

"ನಂದೇ ತಪ್ಪು," ಎಂದಳು ಅಮ್ಮ. "ಹೊಲಿಗೇಲಿ ಮುಳುಗಿಬಿಟ್ಟೆ."

ಪಟಾಕಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ ಅಮ್ಮನನ್ನು ನೋಡಲು ಅವಳಿಂದ ಆಗಲಿಲ್ಲ.

"ಅಮ್ಮಂದಲ್ಲ. ಎಣಿಸಿದ್ದು ನಾನು." ಅವಳು ಚೀಟಿ ಚಾಚಿದಳು. "ಹತ್ತು ಉಸಿರಿಗೆ ಎಷ್ಟು ಸೆಕೆಂಡ್ ಅಂತ ಬರೆದೆ. ಸೆಕೆಂಡ್ ಕಡಿಮೆ ಆಗಿದ್ದಕ್ಕೆ ಉಸಿರೂ ಕಡಿಮೆ ಆಯ್ತು ಅಂದ್ಕೊಂಡೆ."

ನರ್ಸಮ್ಮ ಚೀಟಿ ನೋಡಿದರು, ಅವಳನ್ನು ನೋಡಿದರು. "ತಪ್ಪು ಅಂತ ಗೊತ್ತಾದ ಮೇಲೆ ಮುಚ್ಚಿಡಲಿಲ್ಲವಲ್ಲ, ಅಷ್ಟು ಸಾಕು," ಎಂದು ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಒಳಗೆ ಹೋದರು.

ಅಕ್ಕ ಅಪ್ಪನಿಗೆ ಫೋನ್ ಮಾಡಲು ಹೊರಗೆ ಹೋದಳು. ಅಮ್ಮ ಬೆಂಚಿನ ಮೇಲೆ ಕುಳಿತು ಪಟಾಕಿಯನ್ನು ಎದೆಗೆ ಒರಗಿಸಿಕೊಂಡಳು. ಹತ್ತು ಅಂದರೆ ಯಾವುದರ ಹತ್ತು ಎಂದು ತಾನೂ ಕೇಳಲಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದಳು. ಪಟಾಕಿ ಅತ್ತಳು. ಅಮ್ಮನ ಎದೆ ಅವಳ ಕೆನ್ನೆಯ ಕೆಳಗೆ ದಡಬಡ ಏರಿಳಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ನರ್ಸಮ್ಮ ಬಾಗಿಲಿಗೆ ಬಂದರು. ಆಕ್ಸಿಜನ್ ಕೊಟ್ಟಿದ್ದೇವೆ, ಉಸಿರು ಐವತ್ತಕ್ಕೆ ಇಳಿದಿದೆ, ಎರಡು ದಿನ ಇಲ್ಲೇ ಇರಲಿ, ಹೆದರಬೇಡಿ ಎಂದರು.

ಅಮ್ಮ ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದಳು. ಪಟಾಕಿ ಅಲುಗಾಡದೆ ಹಾಗೇ ಒರಗಿದ್ದಳು. ಕೆನ್ನೆಯ ಕೆಳಗೆ ಅಮ್ಮನ ಉಸಿರು ಒಂದು ಸಲ ಏರಿ ಇಳಿಯಿತು. ಮುಂದಿನದು ಬರಲು ತುಸು ಹೊತ್ತಾಯಿತು. ಅದರ ಮುಂದಿನದಕ್ಕೆ ಇನ್ನೂ ಹೊತ್ತಾಯಿತು. ಅವಳು ಮೊಬೈಲ್ ಕೇಳಲಿಲ್ಲ, ಎಣಿಸಲೂ ಇಲ್ಲ. ಅಮ್ಮನಿಗೆ ಧೈರ್ಯ ಬರುತ್ತಿದೆ ಎಂದು ಅವಳಿಗೆ ತಿಳಿಯಿತು.